ಮಾವನ ಭರತ

ನಮ್ಮ ಬೀದಿಯಲ್ಲಿ ಯಾರಾದರೂ ದೆವ್ವದ ಮಾತೆತ್ತಿದರೆ ಮೊದಲು ನಗುವವನು ನಾನೇ. ಮಾಯಸಂದ್ರದಲ್ಲಿ ತೋಟದ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ನನ್ನದು. ಸುಟ್ಟ ಮೋಟಾರನ್ನು ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿಕೊಂಡೇ ತರುವವರುಂಟು. ಅಂಥವರನ್ನು ಬೈದು, ಬಿಚ್ಚಿ, ಕಾರಣ ತೋರಿಸಿ ಕಳಿಸುವವನು ನಾನು. ಈಗ ನಾನೇ ಇಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ. ನಗುವವರು ನಗಲಿ, ನನಗೇನೂ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಹೆಂಡತಿ ಜಲಜಾ ಕುಂದಾಪುರದ ಕಡೆಯವಳು. ತಿಪಟೂರಿಗೆ ನರ್ಸ್ ಆಗಿ ಬಂದವಳನ್ನು ನಾನು ಮೆಚ್ಚಿ ಮದುವೆಯಾದೆ. ಅವಳ ಅಪ್ಪ ಹೊಳೆ ಸಮುದ್ರ ಸೇರುವ ಜಾಗದಲ್ಲಿ ಜೀವನವಿಡೀ ಗಾಳ ಹಾಕಿದವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸೋಣವೆಂದು ದೀಪಾವಳಿ ಮುಗಿದ ಮೇಲೆ ಕರೆತಂದೆವು. ಸಕ್ಕರೆ ಇಳಿಯದೆ ಕಣ್ಣು ಮುಟ್ಟುವುದಿಲ್ಲ ಎಂದರು ಡಾಕ್ಟರು. ಆ ಹಾಳು ಸಕ್ಕರೆ ಇಳಿಯಲೇ ಇಲ್ಲ.

ಸಂಕ್ರಾಂತಿ ಕಳೆಯುತ್ತಲೇ ಮಾವ ಊಟ ಬಿಡತೊಡಗಿದರು. ಮಾಘ, ಫಾಲ್ಗುಣ ಎಂದರೆ ಅವರ ಹೊಳೆಯ ಸುಗ್ಗಿ. ಮಳೆನೀರೆಲ್ಲ ಹರಿದುಹೋಗಿ ಹೊಳೆ ತಿಳಿಯಾಗುತ್ತದೆ, ಸಮುದ್ರದ ನೀರು ಒಳಗೊಳಗೆ ಏರಿ ಬರುತ್ತದೆ, ಅದರ ಹಿಂದೆ ಕಾಣೆ ಮೀನು ಬರುತ್ತದೆ. ಏರುವುದಕ್ಕೆ ಭರತ, ಇಳಿಯುವುದಕ್ಕೆ ಇಳಿತ ಎನ್ನುತ್ತಿದ್ದರು. ಅಮಾವಾಸ್ಯೆಗೆ ನಡುಮಧ್ಯಾಹ್ನ ಭರತ, ಆಮೇಲೆ ದಿನಕ್ಕೆ ಎರಡು ಗಳಿಗೆ ತಡ. ಪಂಚಾಂಗ ಬೇಡ, ಗಡಿಯಾರ ಬೇಡ, ನಮ್ಮ ಮನೆಯ ಜಗುಲಿಯಲ್ಲಿ ಕುಳಿತೇ ಇಂತಿಷ್ಟು ಹೊತ್ತಿಗೆ ಎಂದು ಹೇಳುತ್ತಿದ್ದರು. "ಒಂದ್ಸಲ ಹೊಳಿಗ್ ಕರ್ಕಂಡ್ ಹೋಗ್" ಎಂದು ಮಗಳನ್ನು ಕೇಳುತ್ತಿದ್ದರು. ಆಪರೇಷನ್ ಆಗದೆ ಎಲ್ಲೂ ಇಲ್ಲ ಎಂದು ಅವಳು ಗದರುತ್ತಿದ್ದಳು. ಸಕ್ಕರೆ ಕಾಯಿಲೆಯವರು, ಉಪವಾಸ ಬೇರೆ. ಆಳು ದಿನದಿನಕ್ಕೆ ಸೊರಗುತ್ತಿದ್ದರೆ ನೋಡಲಾಗುತ್ತಿರಲಿಲ್ಲ.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಅಂಗಡಿಗೆ ಬೀಗ ಹಾಕಿ, ಅವರು ಹೇಳುವ ಭರತದ ಹೊತ್ತಿಗೆ ನಮ್ಮ ಕೆರೆಗೆ ಕರೆದೊಯ್ಯುವುದು. ದಡದ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಗಾಳಕ್ಕೆ ಹಿಟ್ಟು ಸಿಕ್ಕಿಸಿ ಕೈಗೆ ಕೊಡುತ್ತಿದ್ದೆ. ಸಿಗುತ್ತಿದ್ದದ್ದು ಜಿಲೇಬಿ ಮೀನು. "ಇದ್ ಮೀನಾ? ಬರೀ ಮಣ್ಣ್ ವಾಸ್ನಿ" ಎಂದು ಮೂಗು ಮುರಿಯುತ್ತಿದ್ದರು. "ಭರತ ಶುರುವಾಯ್ತಾ ಕಾಣಿ" ಎಂದಾಗ ನಾನು, "ಶುರುವಾಯ್ತು ಮಾವ, ಒಂದು ಗೇಣು ಏರೈತೆ" ಎನ್ನುತ್ತಿದ್ದೆ. ಅವರ ಕಣ್ಣಿಗೆ ನೀರಿನ ಅಂಚು ಕಾಣುತ್ತಿರಲಿಲ್ಲವಲ್ಲ. "ಹೂಂ" ಎಂದು ತಲೆಯಾಡಿಸಿ, ಮನೆಗೆ ಬಂದು ಎರಡು ತುತ್ತು ಉಣ್ಣುತ್ತಿದ್ದರು. ಸುಳ್ಳು ಹೇಳಿದರೂ ಹೊಟ್ಟೆಗೆ ಬಿತ್ತಲ್ಲ ಎಂದು ನನಗೆ ಸಮಾಧಾನ.

ಶಿವರಾತ್ರಿಯ ಮರುದಿನ, ಅಮಾವಾಸ್ಯೆ. ಸುಡು ಮಧ್ಯಾಹ್ನ. ಗಾಳಿ ಇರಲಿಲ್ಲ, ಏರಿಯ ಮೇಲಿನ ತೆಂಗಿನ ಗರಿಯೂ ಅಲ್ಲಾಡುತ್ತಿರಲಿಲ್ಲ. ಕೆರೆ ಆಗಲೇ ಹಿಂದೆ ಸರಿದು, ಬಟ್ಟೆ ಒಗೆಯುವ ಚಪ್ಪಡಿ ಒಣಗಿ ವಾರವಾಗಿತ್ತು. ನಾನು ಅದರ ಮೇಲೆ ಚಪ್ಪಲಿ ಬಿಟ್ಟು, ದಡದಲ್ಲಿ ಮಾವನ ಪಕ್ಕ ಕುಳಿತಿದ್ದೆ.

"ಬಂತಾ?" ಎಂದರು ಮಾವ.

ಬಂತು ಎಂದು ಎಂದಿನಂತೆ ಹೇಳಲು ಬಾಯಿ ತೆರೆದೆ. ನೋಡಿದರೆ ಚಪ್ಪಡಿಯ ಅಂಚು ಒದ್ದೆಯಾಗಿದೆ. ನೋಡುತ್ತಿದ್ದಂತೆ ನೀರು ಅಲೆಯೂ ಇಲ್ಲದೆ, ಸದ್ದೂ ಇಲ್ಲದೆ ಮೆಲ್ಲಗೆ ಏರಿ ಚಪ್ಪಡಿಯನ್ನು ಮುಚ್ಚಿತು. ನನ್ನ ಎಡಗಾಲಿನ ಚಪ್ಪಲಿ ಎದ್ದು ತೇಲಿತು. ಫೋನ್ ತೆಗೆದು ನೀರುಗಂಟಿ ಲೋಕಣ್ಣನಿಗೆ ಕರೆ ಮಾಡಿ, ಕಾಲುವೆಯಿಂದ ನೀರು ಬಿಟ್ಟಿದ್ದಾರೇನು ಎಂದು ಕೇಳಿದೆ.

"ಎಲ್ಲಿ ನೀರು ಕಣಪ್ಪ! ಕಾಲುವೆ ಒಣಗಿ ತಿಂಗ್ಳಾಯ್ತು. ಬಿಸ್ಲು ತಲೆಗೆ ಹತ್ತೈತೆ ನಿಂಗೆ, ಮನೆಗೋಗಿ ಮಜ್ಗೆ ಕುಡಿ ಹೋಗು" ಎಂದ ಲೋಕಣ್ಣ.

ಫೋನ್ ಇಡುವ ಹೊತ್ತಿಗೆ ನೀರು ನಿಂತಿತ್ತು. ಬಂದಷ್ಟೇ ಮೆಲ್ಲಗೆ ಇಳಿಯತೊಡಗಿತು. ಚಪ್ಪಡಿ ಹೊರಗೆ ಬಂತು, ಚಪ್ಪಲಿ ಕೆಸರಿನಲ್ಲಿ ಬಿದ್ದಿತ್ತು. ಎಲ್ಲ ಸೇರಿ ಕಾಲು ಗಂಟೆಯೂ ಇಲ್ಲ.

"ಮಾವ, ನಿಜವಾಗ್ಲೂ ಏರ್ತು! ನನ್ನಾಣೆಗೂ ಏರ್ತು ಕಣ್ರೀ!" ಎಂದು ಅವರ ಕೈ ಹಿಡಿದುಕೊಂಡೆ.

ಮಾವ ನಕ್ಕು ನನ್ನ ಬೆನ್ನು ತಟ್ಟಿದರು. "ಕೆರೀಗ್ ಭರತ ಎಲ್ಲಿಂದ ಬತ್ತ್ ಮಾರಾಯ್ರೆ? ನೀವ್ ದಿನಾ ಬಂತ್ ಅಂತ್ರಿ, ನಾನ್ ದಿನಾ ಹೂಂ ಅಂತೆ. ಕೆಲ್ಸ ಬಿಟ್ಟ್ ಬತ್ರಿ, ನಿಮಗ್ ಬೇಜಾರ್ ಆಪ್ಪುದ್ ಬ್ಯಾಡ ಅಂದೇಳಿ."

ಮುದುಕರನ್ನು ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಅಷ್ಟು ದಿನವೂ ನನ್ನನ್ನು ಸಮಾಧಾನ ಮಾಡುತ್ತಿದ್ದರು, ಹಸಿವಿಲ್ಲದಿದ್ದರೂ ನನ್ನ ಮುಖ ನೋಡಿ ಎರಡು ತುತ್ತು ನುಂಗುತ್ತಿದ್ದರು. ನಾಚಿಕೆಯಾಯಿತು, ಅಳುವೂ ಬಂತು. ಅವತ್ತೇ ಮನೆಗೆ ಬಂದು, ನಾಳೆ ಮಾವನನ್ನು ಹೊಳೆಗೆ ಕರೆದೊಯ್ಯುತ್ತೇನೆ ಎಂದೆ. ಜಲಜಾ, "ಏನ್ ಬಂತ್ರೀ ನಿಮ್ಗೆ?" ಎಂದು ಕೂಗಾಡಿದಳು. ಏನೆಂದು ಹೇಳಲಿ? ಆಗಿದ್ದಾಗಲಿ ಎಂದು ಗಾಡಿ ಗೊತ್ತು ಮಾಡಿದೆ. ಬೈದುಕೊಂಡೇ ಇನ್ಸುಲಿನ್ ಡಬ್ಬ ಹಿಡಿದು ಅವಳೂ ಹತ್ತಿದಳು.

ಊರು ಸೇರಿದ ಮರುದಿನ ಹೊಳೆಯ ದಡದಲ್ಲಿ ಮಾವ ಮೊಣಕಾಲವರೆಗೆ ನೀರಿಗಿಳಿದರು. ಗಾಳ ಬಿಚ್ಚುವ ಮೊದಲು ಒಂದು ಬೊಗಸೆ ನೀರೆತ್ತಿ ಬಾಯಿಗೆ ಹಾಕಿ, ಮುಕ್ಕಳಿಸಿ ಉಗಿದರು. ಉಪ್ಪು ಎಷ್ಟು ಮೇಲೆ ಬಂದಿದೆ ಎಂದು ತಿಳಿಯಲು ಹೊಳೆಯವರು ಮೊದಲು ಮಾಡುವ ಕೆಲಸ ಇದೇ ಅಂತೆ. ಆಮೇಲೆ ಏನೋ ನೆನಪಾದವರಂತೆ ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು ಇರಲಿಲ್ಲ.

"ಮೊನ್ನೆ ಕೆರೀಲ್ ನೀರ್ ಏರಿತ್ ಅಂದ್ರಿ ಅಲ್ದಾ? ಬಾಯಿಗ್ ಹಾಕಿ ಕಂಡ್ರ್ಯಾ? ಉಪ್ಪಿತ್ತಾ?"

"ಇಲ್ಲ ಮಾವ. ತೋಚ್ಲೇ ಇಲ್ಲ."

"ಅಯ್ಯೋ ದೇವ್ರೆ, ಅದೊಂದೇ ಅಲ್ದಾ ಕಾಂಬುಕಿದ್ದದ್!" ಎಂದು ಹಣೆ ಚಚ್ಚಿಕೊಂಡರು. ಒಂದಷ್ಟು ಹೊತ್ತು ಬಾಯಿಗೆ ಬಂದಂತೆ ಬೈದರು. ಬೈದರು ಎಂದರೆ ನಂಬಿದರು ಎಂದೇ ಅರ್ಥ. ಅವತ್ತು ಎರಡು ಕಾಣೆ ಸಿಕ್ಕವು, ಹೊಟ್ಟೆ ತುಂಬ ಉಂಡರು.

ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಒಂದು ಬೊಗಸೆ ನೀರು ಸಾಕಿತ್ತು. ಕಾಲ ಬುಡದಲ್ಲೇ ಇತ್ತು, ನಾನು ಬಗ್ಗಲಿಲ್ಲ.