ಕ್ಯೂ ಮಾವನ ಸರದಿ

ವಲಸೆ ಕಚೇರಿಯ ಮುಂದೆ ಒಬ್ಬ ಮನುಷ್ಯ ನಿಲ್ಲುತ್ತಿದ್ದ. ನಿಲ್ಲುವುದೇ ಅವನ ಕಸುಬು. ಹೊರದೇಶದಿಂದ ಬಂದು ಈ ಊರಲ್ಲಿ ದುಡಿಯುವವರು ವರ್ಷವರ್ಷವೂ ಪರವಾನಗಿ ಹೊಸದು ಮಾಡಿಸಬೇಕಿತ್ತು. ಅದಕ್ಕಾಗಿ ಕಚೇರಿ ಬಾಗಿಲಿಂದ ಬೀದಿಯ ತಿರುವಿನವರೆಗೂ ಕ್ಯೂ. ಕೆಲಸ ಬಿಟ್ಟು ದಿನವಿಡೀ ಬಿಸಿಲಲ್ಲಿ ಒಣಗಲು ಯಾರಿಗೆ ಪುರುಸೊತ್ತು? ಅವರ ಬದಲಿಗೆ ಇವನು ನಿಲ್ಲುತ್ತಿದ್ದ. ಬಾಗಿಲು ಹತ್ತಿರವಾದಾಗ ಫೋನ್ ಮಾಡಿದರೆ ಅವರು ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದರು. ಇವನು ಎಡಕ್ಕೆ ಒಂದು ಹೆಜ್ಜೆ ಸರಿದು ಕೈ ಚಾಚಿ, "ಹೋಗಿ ಹೋಗಿ, ನಿಮ್ಮದೇ," ಎಂದು ಒಳಗೆ ಕಳಿಸುತ್ತಿದ್ದ. ಅಡುಗೆಯವರು, ಗಾರೆಯವರು, ಆಸ್ಪತ್ರೆಯ ನರ್ಸುಗಳು, ಎಲ್ಲರಿಗೂ ಅವನು ಕ್ಯೂ ಮಾವ. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಅವನನ್ನು ಕೂಗುವವರು ಈ ದೇಶದಲ್ಲಿ ಯಾರೂ ಇರಲಿಲ್ಲ.

ನಿಲ್ಲುವುದೇನು ಮಹಾ ಅನ್ನಬೇಡಿ. ಒಂದು ಕಾಲಿಗೆ ಭಾರ ಹಾಕಿ ಇನ್ನೊಂದಕ್ಕೆ ರಜೆ ಕೊಡಬೇಕು. ಹಿಂದಿನವರ ಜೊತೆ ನಗುನಗುತ್ತಾ ಮಾತಾಡಬೇಕು, ಆದರೆ ಒಂದಿಂಚು ಜಾಗ ಬಿಡಬಾರದು. ಮಾವನ ಬಳಿ ಮಡಿಸುವ ಸ್ಟೂಲೂ ಇತ್ತು. ಅದರ ಮೇಲೆ ಕ್ಯೂನಲ್ಲಿದ್ದ ಮುದುಕಿಯರು ಕೂರುತ್ತಿದ್ದರೇ ಹೊರತು ಮಾವ ಕೂತದ್ದನ್ನು ಕಂಡವರಿಲ್ಲ. ಇನ್ನೊಂದು ತಮಾಷೆ ಎಂದರೆ, ಇಷ್ಟು ಜನರನ್ನು ಒಳಗೆ ಬಿಟ್ಟ ಮಾವ ತಾನು ಆ ಹೊಸ್ತಿಲು ದಾಟಿರಲಿಲ್ಲ. ಮರಗೆಲಸಕ್ಕೆಂದು ಬಂದವನಿಗೆ ಆ ಕಾಲದಲ್ಲಿ ಕಾರ್ಖಾನೆಯವರೇ ಮಾಡಿಸಿಕೊಟ್ಟದ್ದು ಕಾಯಂ ಪರವಾನಗಿ. ಕಾರ್ಖಾನೆ ಮುಚ್ಚಿತು, ಪರವಾನಗಿ ಉಳಿಯಿತು.

ಹೆಂಡತಿ ಮಾತ್ರ ತಮ್ಮ ದೇಶದಲ್ಲೇ ಉಳಿದಳು. ಹೆಂಡತಿಯನ್ನು ಕರೆಸಿಕೊಳ್ಳಲು ಧಣಿಯ ಪತ್ರ ಬೇಕು ಎನ್ನುತ್ತಿತ್ತು ಕಾಯಿದೆ. ಮಾವನ ಧಣಿ ಯಾರು? ಕ್ಯೂ. ಅದು ಸಹಿ ಹಾಕೀತೇ?

ದಿನವೂ ಸಂಜೆ ಅವಳ ಫೋನ್ ಬರುತ್ತಿತ್ತು. "ರೀ, ಊರವರನ್ನೆಲ್ಲ ಒಳಗೆ ಕಳಿಸಿದ್ದಾಯ್ತಾ? ನನ್ನ ಯಾವಾಗ ಕರೆಸ್ಕೋತೀರಿ?"

"ತಾಳೇ ಮಾರಾಯ್ತಿ, ಕಾಯಿದೆ ಬದಲಾಗತ್ತಂತೆ," ಎನ್ನುತ್ತಿದ್ದ ಮಾವ. ಫೋನ್ ಇಟ್ಟ ಮೇಲೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ದೊಡ್ಡವರು ವರ್ಷಗಟ್ಟಲೆ ಮೇಜು ಗುದ್ದಿ ಗುದ್ದಿ ಕೊನೆಗೂ ಕಾಯಿದೆ ಬದಲಾಯಿಸಿದರು. ಇನ್ನು ಕ್ಯೂ ಇಲ್ಲ, ಫೋನಿನಲ್ಲೇ ಸರದಿ. ಬಹಳ ಕಾಲದಿಂದ ಇಲ್ಲಿದ್ದವರಿಗೆ ಧಣಿಯ ಪತ್ರದ ರಗಳೆಯೂ ಇಲ್ಲ. ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳುತ್ತಾರೆ, ಇಬ್ಬರ ಉತ್ತರ ಹೊಂದಿದರೆ ಸಾಕು. ಆದರೆ ಹೆಸರು ಕೂಗಿದಾಗ ಹೋಗದಿದ್ದರೆ ಸರದಿ ತಪ್ಪಿತು, ಮತ್ತೆ ಮೊದಲಿಂದ ಶುರು.

ಕಚೇರಿಯ ಕಾವಲುಗಾರ ಇದನ್ನೆಲ್ಲ ಹೇಳಿ ಮುಗಿಸಿ, "ನಿನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲೋ ಮಾವ!" ಎಂದು ಲೊಚಗುಟ್ಟಿದ.

"ಹೊಡೀಲಿ ಬಿಡೋ," ಎಂದ ಮಾವ. "ನನ್ನ ಹೆಂಡ್ತಿ ಬರ್ತಾಳೆ." ಬೀದಿಯಲ್ಲೇ ಅವನ ಕಣ್ಣು ತುಂಬಿತು, ಅದಕ್ಕೆ ಅವನು ನಾಚಿಕೊಳ್ಳಲೂ ಇಲ್ಲ. ಮರುವಾರವೇ ತನ್ನ ಕೋಣೆಯ ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿಕೊಂಡ. ಅದೂ ನಿಲ್ಲುವ ಕೆಲಸವೇ, ಕಾಲಿಗೆ ಹೊಸದೇನಲ್ಲ.

ಸಂದರ್ಶನದ ದಿನ ಬೆಳಿಗ್ಗೆ ಹೆಂಡತಿ ಫೋನ್ ಮಾಡಿದಳು. "ಹೆಸರು ಕೂಗಿದ್ರೆ ನೀವೇ ಒಳಗೆ ಹೋಗ್ಬೇಕು, ತಿಳೀತಾ?"

"ನಂಗೇನು ತಲೆ ಕೆಟ್ಟಿದ್ಯಾ?" ಎಂದು ರೇಗಿ ಮಾವ ಹೊರಟ.

ಕಚೇರಿಯ ಹೊಸ ಹಾಲಿನಲ್ಲಿ ಮೆತ್ತನೆಯ ಕುರ್ಚಿಗಳಿದ್ದವು. ಮಾವ ಕೂರಲಿಲ್ಲ. ಕೂತರೆ ಜಾಗ ಹೋಗುತ್ತದೆ ಎಂಬ ಭಯ ರಕ್ತಕ್ಕೇ ಇಳಿದಿತ್ತು. ಒಳಬಾಗಿಲಿಗೆ ಅಂಟಿಕೊಂಡೇ ನಿಂತ. ಅವನನ್ನು ನೋಡಿ ಒಬ್ಬ ಗಾರೆಯವನೂ ಹಿಂದೆ ಬಂದು ನಿಂತ. ಹೆಸರು ಕೂಗಿದರು. ಕೂಗಿದ್ದು ಮಾವನ ಹೆಸರೇ, ಅವನ ಕಿವಿಗೆ ಬಿದ್ದದ್ದೂ ನಿಜ. ಆದರೆ ಕಾಲು ತಾನಾಗಿ ಎಡಕ್ಕೆ ಒಂದು ಹೆಜ್ಜೆ ಸರಿಯಿತು, ಕೈ ಚಾಚಿತು, ಬಾಯಿ, "ಹೋಗಿ ಹೋಗಿ, ನಿಮ್ಮದೇ," ಎಂದಿತು. ಪಾಪದ ಗಾರೆಯವನು ಕೈಮುಗಿದು ಒಳಗೆ ಹೋದ. ಬಾಗಿಲು ಮುಚ್ಚಿತು.

ಮಾವ, "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡ.

ಒಳಗಿಂದ ಅಧಿಕಾರಿಣಿಯ ದನಿ ಕೇಳಿಸಿತು: "ಈ ಫೋಟೋದಲ್ಲಿರೋದು ನೀವಾ?"

"ಅಲ್ಲ ಮೇಡಂ. ಯಾರೋ ದೊಡ್ಡವರು ಹೋಗು ಅಂದ್ರು, ಬಂದೆ. ನಂಗಿನ್ನೂ ಮದುವೇನೇ ಆಗಿಲ್ಲ."

ಗಾರೆಯವನು ಹೊರಬಂದು ಮಾವನನ್ನು ಒಳಗೆ ತಳ್ಳಿದ. ಅಧಿಕಾರಿಣಿ ಕನ್ನಡಕದ ಮೇಲಿಂದ ನೋಡಿದಳು. "ಹೆಸರು ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತಮ್ಮಾ."

"ಮತ್ತೆ?"

"ಕಾಲು ಸರಿದ್ಬಿಡ್ತು."

"ಸರದಿ ತಪ್ಪಿದ್ರೆ ಮೊದಲಿಂದ ಶುರು ಅಂತ ಗೊತ್ತು ತಾನೇ?"

ಮಾವ ಮೊಟ್ಟಮೊದಲ ಬಾರಿಗೆ ಆ ಕಚೇರಿಯಲ್ಲಿ ಕುರ್ಚಿ ಎಳೆದು ಕೂತ. ಹೆಂಡತಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು?

ಅಧಿಕಾರಿಣಿ ಕಂಪ್ಯೂಟರ್ ಕಡೆ ನೋಡಿದಳು, ಮಾವನ ಕಡೆ ನೋಡಿದಳು, ಮತ್ತೆ ಕಂಪ್ಯೂಟರ್ ಕಡೆ ನೋಡಿದಳು. "ಇರ್ಲಿ, ಒಂದು ಹೇಳಿ. ನಿಮ್ಮ ಹೆಂಡತಿ ನಿಮ್ಮನ್ನ ಯಾವುದಕ್ಕೆ ಹೆಚ್ಚಾಗಿ ಬೈತಾರೆ?"

"ಇದಕ್ಕೇ ಅಮ್ಮಾ!" ಮಾವ ಅಳುವುದೊಂದು ಬಾಕಿ. "ಬಸ್ಸಲ್ಲಿ ಸೀಟು ಬಿಟ್ಕೊಟ್ಟೆ ಅಂತ ಬೈದ್ಳು. ಕೆಂಡದಂಥ ಜ್ವರ ಇದ್ರೂ ಡಾಕ್ಟರ್ ಹತ್ರ ನನ್ನ ಸರದಿ ಯಾರಿಗೋ ಕೊಟ್ಟೆ ಅಂತ ಬೈದ್ಳು. ಇವತ್ತಿಂದು ಅವಳಿಗಿನ್ನೂ ಗೊತ್ತಿಲ್ಲ."

"ಗೊತ್ತಿದೆ," ಎಂದಳು ಅಧಿಕಾರಿಣಿ. "ನಿನ್ನೆ ಫೋನಲ್ಲಿ ಅವರನ್ನೂ ಇದೇ ಕೇಳಿದ್ವಿ. 'ಅವರ ಹೆಸರು ಕೂಗಿ ನೋಡಿ, ಪಕ್ಕಕ್ಕೆ ಸರಿದು ಹಿಂದಿನವರನ್ನ ಕಳಿಸ್ತಾರೆ. ಕಳಿಸ್ಲಿಲ್ಲ ಅಂದ್ರೆ ಅವರು ನನ್ನ ಗಂಡನೇ ಅಲ್ಲ' ಅಂದ್ರು."

ಮಾವ ಪಿಳಿಪಿಳಿ ಕಣ್ಣು ಬಿಟ್ಟ. ಅಧಿಕಾರಿಣಿ ಅದುವರೆಗೆ ತಡೆದುಕೊಂಡಿದ್ದ ನಗು ಪುಸಕ್ಕನೆ ಹೊರಬಂತು. "ಸರದಿ ತಪ್ಪಿಸ್ಕೊಂಡ್ರು ಅಂತ ಬರೆಯೋಕೆ ಮನಸ್ಸಿಲ್ಲ. ಬಾಗಿಲಲ್ಲೇ ಉತ್ತರ ಕೊಟ್ರು ಅಂತ ಬರ್ಕೋತೀನಿ. ಎದ್ದೇಳಿ, ಹೊರಗೆ ಆ ಹುಡುಗ ಕಾಯ್ತಿದಾನೆ."

ಹೆಂಡತಿ ಬಂದದ್ದು ಒಂದು ಮಧ್ಯಾಹ್ನ. ದಾರಿಯುದ್ದಕ್ಕೂ ಗಾರೆಯವನ ಕತೆ ತೆಗೆದು ಮಾವನನ್ನು ಬೈದದ್ದೇ ಬೈದದ್ದು. ಲಾಂಡ್ರಿ ಪಕ್ಕದ ಮೆಟ್ಟಿಲು ಹತ್ತುವಾಗಲೂ ಅವಳ ಬಾಯಿ ನಿಂತಿರಲಿಲ್ಲ. ಮಾವ ಚೀಲ ಇಳಿಸಿ, ಬೀಗ ತೆಗೆದು, ಬಾಗಿಲು ನೂಕಿದ. ಆಮೇಲೆ ಎಡಕ್ಕೆ ಒಂದು ಹೆಜ್ಜೆ ಸರಿದು ಕೈ ಚಾಚಿದ.

"ಹೋಗು ಹೋಗು, ನಿಂದೇ."

ಅವಳ ನಾಲಿಗೆ ತುದಿಯಲ್ಲಿ ಇನ್ನೂ ಒಂದು ಬೈಗುಳ ಇತ್ತು. ಅದನ್ನು ಅಲ್ಲೇ ನುಂಗಿ ಒಳಗೆ ಹೋದಳು.