ಪುಸ್ತಕದಲ್ಲಿಲ್ಲದ ಮಾತಿಗೆ ಮೂರು ಪ್ರಶಸ್ತಿ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಟೆಂಪೊ ಹಿಂದಕ್ಕೆ ಸರಿಯತೊಡಗಿತು. ವೇಳೆ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ನನ್ನ ಕೈಗಡಿಯಾರದಿಂದಲ್ಲ. ಅದರಲ್ಲಿ ಆಗ ಹತ್ತೂಕಾಲು. ಹಿಂದಿನ ದಿನದ ದೃಶ್ಯಕ್ಕೆ ಹೊಂದಲೆಂದು ಶೂಟಿಂಗಿನವರು ಮುಳ್ಳು ತಿರುಗಿಸಿ ನಿಲ್ಲಿಸಿಬಿಟ್ಟಿದ್ದರು. ನಿಜವಾದ ಹೊತ್ತು ಸಹಾಯಕ ನಿರ್ದೇಶಕಿಯ ನೋಟುಪುಸ್ತಕದಲ್ಲಿತ್ತು: ಮೂರು ಇಪ್ಪತ್ತು, ಎರಡನೆಯ ಟೇಕ್, ಓಕೆ. ನಾನು ಸಾಯಲು ಹೊರಟಿದ್ದರ ಮುಂದೆ ಬರೆದ ಆ ಓಕೆಯನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಇವತ್ತು ಬೆಳಿಗ್ಗೆ ಹೆಂಡತಿ ಉಪ್ಪಿನಕಾಯಿಗೆಂದು ನಿಂಬೆ ಹೆಚ್ಚುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತಿತು. ಇಂಡಿಯಲ್ಲಿ ಮನೆ ಮಾಡಿಕೊಂಡು ನಿಂಬೆಯ ವಾಸನೆಗೆ ಬೆಚ್ಚುವವನ ಕಷ್ಟ ನಿಮಗೆ ಅರ್ಥವಾಗಬಹುದು. ಇಲ್ಲಿ ಗಾಳಿ ಬೀಸಿದರೂ ನಿಂಬೆಯೇ.

ತೊಂಬತ್ತರ ದಶಕದ ಕೊನೆಯ ಮಾತು. ಬಿ.ಎ. ಮುಗಿಸಿ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಚೇರಿಯವರ ನಾಟಕಗಳಲ್ಲಿ ಪಾತ್ರ ಹಾಕುತ್ತಿದ್ದೆ. ಬೆಂಗಳೂರಿನಿಂದ ಒಬ್ಬ ನಿರ್ದೇಶಕರು ನಿಂಬೆ ಬೆಳೆಗಾರನ ಮೇಲೆ ಟೆಲಿಚಿತ್ರ ಮಾಡಲು ಬಂದರು. ನನ್ನನ್ನು ನೋಡಿದವರೇ, ನಾನು ಬಾಯಿ ತೆಗೆಯುವ ಮೊದಲೇ, 'ದಲ್ಲಾಳಿ ಸಿಕ್ಕಿದ' ಎಂದರು. ಇದನ್ನು ಹೊಗಳಿಕೆಯೆಂದು ತಿಳಿದು ಒಪ್ಪಿಕೊಂಡೆ. ನನಗೆ ಮಾತು ನೆನಪಿರುವುದಿಲ್ಲ. ಆದ್ದರಿಂದ ಒಂದೇ ಷರತ್ತು ಹಾಕಿದೆ: ಮಸೂತಿ ಊರಿನ ಗುರುಪಾದಪ್ಪ ಮಾಸ್ತರರನ್ನು ಕರೆಸಬೇಕು.

ಮಾಸ್ತರರು ಪ್ರಾಂಪ್ಟರ್. ಪಾತ್ರಧಾರಿ ಮಾತು ಮರೆತಾಗ ಪರದೆಯ ಮರೆಯಿಂದ ಹೇಳಿಕೊಡುವವರು. ನಾಟಕ ಕಂಪನಿಯೊಂದರ ಜೊತೆ ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಮೂವತ್ತು ವರ್ಷ ತಿರುಗಿದ್ದರು. ಕಂಪನಿಯ ಜಾಹೀರಾತಿನಲ್ಲಿ ಪರದೆ ಬರೆದವನ ಹೆಸರು ಬರುತ್ತಿತ್ತು, ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವನ ಹೆಸರು ಬರುತ್ತಿತ್ತು, ಇವರದು ಬರುತ್ತಿರಲಿಲ್ಲ. ಟೀವಿಯಲ್ಲಿ ಕೊನೆಗೆ ಎಲ್ಲರ ಹೆಸರೂ ಬರುತ್ತದೆಂದು ನಿರ್ದೇಶಕರು ಹೇಳಿದಾಗ ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಊರಿಗೆ ಹೋಗಿ ಎಲ್ಲರಿಗೂ ಹೇಳಿ ಬಂದರು.

ಆ ದಿನ ಝಳಕಿಯ ಹತ್ತಿರದ ಒಂದು ತೋಟದಲ್ಲಿ ಶೂಟಿಂಗ್. ಇಳಿಜಾರಿನಲ್ಲಿ ನಿಂಬೆಯ ಚೀಲ ತುಂಬಿದ ಟೆಂಪೊ. ಕ್ಯಾಬಿನ್ನಿನಲ್ಲಿ ನಾನೊಬ್ಬನೇ. ಎದುರಿಗೆ ರೈತನ ಪಾತ್ರಧಾರಿ, ಹಿಂದೆ ಕಟ್ಟೆಯಿಲ್ಲದ ಬಾವಿ. ಆ ಗಾಡಿಯ ಹ್ಯಾಂಡ್‌ಬ್ರೇಕನ್ನು ನಂಬುವಂತಿರಲಿಲ್ಲ, ಡ್ರೈವರ್ ಯಾವಾಗಲೂ ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದ. ಕ್ಯಾಮರಾದವರಿಗೆ ಆ ಕಲ್ಲು ಫ್ರೇಮಿನಲ್ಲಿ ಚೆಂದ ಕಾಣಲಿಲ್ಲ. ಡ್ರೈವರ್ ಚಾ ಕುಡಿಯಲು ಹೋದದ್ದನ್ನು ನೋಡಿ ಪಕ್ಕಕ್ಕೆ ಸರಿಸಿದರು.

ನಿರ್ದೇಶಕರ ಕಟ್ಟಪ್ಪಣೆ ಒಂದಿತ್ತು: 'ನಾನು ಕಟ್ ಅನ್ನೋವರೆಗೂ ಏನೇ ಆದ್ರೂ ಯಾರೂ ನಿಲ್ಲಿಸಬಾರದು.' ನಾವು ನಾಟಕದವರು. ಹೇಳಿದ ಮಾತು ಕೇಳುವವರು. ಗಾಡಿ ಸರಿದಾಗ ನಾನು ಮೊದಲು ಎದುರಿನ ಗಿಡಗಳೇ ದೂರ ಹೋಗುತ್ತಿವೆ ಎಂದುಕೊಂಡೆ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಚೀರಿದೆ: "ಯಪ್ಪಾ, ಇದು ಹಿಂದ ಹೊಂಟೈತ್ರೋ, ಹಿಡೀರೋ!"

ರೈತನ ಪಾತ್ರಧಾರಿ ತನ್ನ ಮಾತನ್ನು ನಿಷ್ಠೆಯಿಂದ ಹೇಳಿದ: "ಹೋದ್ರ ಹೋಗ್ರಿ. ಆ ದರಕ್ಕ ನಾ ಕೊಡೂದಿಲ್ಲ."

ನೋಡಲು ನೆರೆದಿದ್ದ ಜನ ಚಪ್ಪಾಳೆ ತಟ್ಟಿ 'ವನ್ಸ್ ಮೋರ್' ಎಂದರು. ಕ್ಯಾಮರಾ ಓಡುತ್ತಿತ್ತು. ಆ ಇಡೀ ತೋಟದಲ್ಲಿ ನಾನು ನಟಿಸುತ್ತಿಲ್ಲವೆಂದು ತಿಳಿದದ್ದು ಒಬ್ಬರಿಗೆ ಮಾತ್ರ. ಎಡಗಡೆಯ ಜಾಲಿಕಂಟಿಯ ಮರೆಯಲ್ಲಿ ಮಾತಿನ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕುಳಿತ ಮಾಸ್ತರರಿಗೆ. ಪುಸ್ತಕ ಒಗೆದು ಓಡಿ ಬಂದು, ಸರಿಸಿದ್ದ ಕಲ್ಲನ್ನೇ ಎತ್ತಿ ಗಾಲಿಗೆ ತುರುಕಿದರು. ಗಾಡಿ ನಿಂತಿತು. ಅಲ್ಲಿಂದ ಬಾವಿಗೆ ಒಂದು ಮೊಳ. ಕಲ್ಲಿಗೂ ಗಾಲಿಗೂ ನಡುವೆ ಅವರ ಎಡಗೈಯ ಎರಡು ಬೆರಳು ಸಿಕ್ಕಿದ್ದವು.

ನಿರ್ದೇಶಕರು ಆಗ 'ಕಟ್' ಎಂದರು.

"ನಿಮಗ ಹ್ಯಾಂಗ ಗೊತ್ತಾತ್ರಿ ಮಾಸ್ತರ?" ಎಂದು, ಆ ಬೆರಳುಗಳ ತುದಿ ತೆಗೆದ ಮೇಲೆ, ಆಸ್ಪತ್ರೆಯಲ್ಲಿ ಕೇಳಿದೆ.

"ಆ ಮಾತು ಪುಸ್ತಕದಾಗ ಇದ್ದಿದ್ದಿಲ್ರಿ ಸಾಹೇಬ್ರ" ಎಂದರು, ಅಷ್ಟೇ.

ಟೆಲಿಚಿತ್ರ ಪ್ರಸಾರವಾಯಿತು. ಕೊನೆಯಲ್ಲಿ ಹೆಸರುಗಳು ಓಡಿದವು. ಊಟ ಒದಗಿಸಿದವರು ಬಂದರು, ಟೆಂಪೊ ಮಾಲೀಕರು ಬಂದರು, 'ಝಳಕಿ ಗ್ರಾಮಸ್ಥರಿಗೆ ಕೃತಜ್ಞತೆಗಳು' ಕೂಡ ಬಂತು. ಗುರುಪಾದಪ್ಪ ಬರಲಿಲ್ಲ. ಮಸೂತಿಯಲ್ಲಿ ಅವರ ನೆರೆಮನೆಯ ಶಿವಲಿಂಗಪ್ಪನಿಗೆ ಇದು ತಿಂಗಳುಗಟ್ಟಲೆ ನಗಲು ಸಾಕಾಯಿತು. "ಝಳಕಿ ಊರಿಗೆ ಊರ ಟೀವ್ಯಾಗ ಬಂತು, ಬೆರಳ ಕೊಟ್ಟ ಮಾಸ್ತರ ಎಲ್ಲಿ ಹ್ವಾದ್ರಪಾ" ಎಂದು ಕಟ್ಟೆಯ ಮೇಲೆ ಕುಳಿತು ದಿನವೂ ಕೇಳುತ್ತಿದ್ದನಂತೆ.

ಮುಂದೆ ಪ್ರಶಸ್ತಿಗೆ ಅರ್ಜಿ ಹಾಕುವ ಕಾಲ ಬಂತು. ನಿರ್ದೇಶಕರು ನನ್ನ ಸಹಿಗೆಂದು ಇಂಡಿಗೆ ಬಂದಾಗ ಮಾಸ್ತರರೂ ಬಂದರು. ಅರ್ಜಿ ನಮ್ಮ ಕಚೇರಿಯ ಯಾವ ಫಾರ್ಮಿಗೂ ಕಡಿಮೆಯಿರಲಿಲ್ಲ. ಧಾರಾವಾಹಿ ಬೇರೆ, ಟೆಲಿಚಿತ್ರ ಬೇರೆ, ಸಾಕ್ಷ್ಯಚಿತ್ರ ಬೇರೆ, ಸುದ್ದಿ ಬೇರೆ. ನಾನು ಬಾವಿಗೆ ಬಿದ್ದಿದ್ದರೆ ಸುದ್ದಿ ವಿಭಾಗ; ಬದುಕಿದ್ದರಿಂದ ಕಥಾ ವಿಭಾಗ. ಅದರೊಳಗೆ ನಟನೆ, ಸಂಭಾಷಣೆ, ಸಂಕಲನ, ಬೆಳಕು, ಶಬ್ದ, ಮೇಕಪ್ಪು, ಎಲ್ಲಕ್ಕೂ ಕಾಲಮ್ಮು.

"ಇದರಾಗ ಪ್ರಾಂಪ್ಟರ್ ಎಲ್ಲೈತ್ರಿ?" ಮಾಸ್ತರರು ಕೇಳಿದರು.

"ಟೀವಿಯಲ್ಲಿ ಅಂಥದ್ದಿಲ್ಲ ಮಾಸ್ಟ್ರೇ. ಹೇಳಿಕೊಡೋರು ಕಾಣಿಸಬಾರದು."

"ನಾಟಕದಾಗೂ ಕಾಣಸೂದಿಲ್ರಿ. ನಾ ಹೆಸರ ಕೇಳಾಕತ್ತೇನಿ, ಮಾರಿ ಅಲ್ಲ."

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. ನಾನು ನಡುವೆ ಬಾಯಿ ಹಾಕಿದೆ: "ಸಾಹಸ ಅಂತ ಒಂದೈತಲ್ರಿ, ಅದರಾಗ ಹಾಕ್ರಿ."

"ಅದಕ್ಕೆ ಸಾಹಸ ನಿರ್ದೇಶಕರ ಸಹಿ ಬೇಕು. ಮೊದಲೇ ಯೋಜನೆ ಮಾಡಿದ ದೃಶ್ಯ ಆಗಿರಬೇಕು."

"ಅಂದ್ರ," ಮಾಸ್ತರರು ನಿಧಾನವಾಗಿ ಹೇಳಿದರು, "ಬಾವ್ಯಾಗ ಬೀಳೂದನ್ನ ಮೊದಲ ಬರದ ಇಟ್ಟಿರಬೇಕಿತ್ತು."

ಒಂದು ಚೀರಾಟಕ್ಕೆ ಮೂರು ಪ್ರಶಸ್ತಿ ಬಂದವು. ನನಗೆ ಪೋಷಕ ನಟ. 'ಇದು ಹಿಂದ ಹೊಂಟೈತಿ' ಎಂಬ ಮಾತಿಗೆ ಸಂಭಾಷಣೆಕಾರರಿಗೆ. ಹಿಮ್ಮುಖವಾಗಿ ಚಲಿಸುತ್ತಿರುವ ಸಮಾಜವನ್ನು ಅದು ಧ್ವನಿಸುತ್ತದೆಯೆಂದು ತೀರ್ಪುಗಾರರು ಬರೆದಿದ್ದರು. ಗಾಲಿ ಕಲ್ಲಿಗೆ ತಾಗಿದ ಸದ್ದಿಗೆ ಶಬ್ದಗ್ರಹಣ. ಆ ಸದ್ದಿನಲ್ಲಿ ಎರಡು ಬೆರಳೂ ಇದ್ದವೆಂದು ಅವರು ಬರೆದಿರಲಿಲ್ಲ.

ಅಷ್ಟರಲ್ಲಿ ನನ್ನ ನಿದ್ದೆ ಕೆಟ್ಟು ವರ್ಷವಾಗುತ್ತ ಬಂದಿತ್ತು. ಟೆಂಪೊ ಹತ್ತುವುದನ್ನು ಬಿಟ್ಟಿದ್ದೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕಿತ್ತು. "ಪ್ರಶಸ್ತಿ ಬಂದ ಡೈಲಾಗು ನಾ ದಿನಾ ರಾತ್ರಿ ಪುಕ್ಕಟ ಕೇಳಾಕತ್ತೇನಿ" ಎಂದು ಹೆಂಡತಿ ಬೆಳಗಿನ ಚಾ ಕೊಡುತ್ತ ಹೇಳುತ್ತಿದ್ದಳು.

ನಾನು ಮಾಸ್ತರರಿಗೆ ಮಾತು ಕೊಟ್ಟೆ: ವೇದಿಕೆಯ ಮೇಲೆ ನಿಮ್ಮ ಹೆಸರು ಹೇಳುತ್ತೇನೆ, ಹೇಳಿಯೇ ಇಳಿಯುತ್ತೇನೆ. ಅವರು ಮತ್ತೆ ಊರಿಗೆಲ್ಲ ಹೇಳಿದರು. ಒಮ್ಮೆ ಊರಿನ ನಗೆಗೆ ಈಡಾದವರು ಎರಡನೆಯ ಸಲವೂ ನಂಬಿದರು ನೋಡಿ.

ಬೆಂಗಳೂರಿನ ಆ ವೇದಿಕೆ ನಮ್ಮ ಕಚೇರಿಯಷ್ಟು ದೊಡ್ಡದಿತ್ತು. ಫಲಕ ಕೈಗಿತ್ತು ಮೈಕು ಕೊಟ್ಟರು. ಬಸ್ಸಿನಲ್ಲಿ ಹದಿನೈದು ಸಲ ಉರುಹೊಡೆದ ಮಾತು ಬಾಯಿಗೆ ಬರಲಿಲ್ಲ. ಒಂದಕ್ಷರವೂ ಇಲ್ಲ. ಮಾತು ಮರೆತಾಗ ನಾನು ಮಾಡುವುದು ಒಂದೇ ಕೆಲಸ, ಅದನ್ನೇ ಮಾಡಿದೆ: ಎಡಗಡೆಯ ವಿಂಗಿನ, ಅಂದರೆ ಪಕ್ಕದ ಪರದೆಯ, ಕಡೆ ತಿರುಗಿ ಕಾದೆ. ಅಲ್ಲಿ ಹೂಗುಚ್ಛ ಹಿಡಿದ ಇಬ್ಬರು ಹೆಣ್ಣುಮಕ್ಕಳಿದ್ದರು. ಕಾದೇ ಕಾದೆ. ನಿರೂಪಕಿ 'ಅವರು ಭಾವುಕರಾಗಿದ್ದಾರೆ' ಎಂದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಳಗಿಳಿದೆ.

ಸಮಾರಂಭದ ಪ್ರಸಾರ ಮುಂದಿನ ಭಾನುವಾರ ಸಂಜೆಗಿತ್ತು. ಅದಕ್ಕೂ ಮೊದಲು ತಪ್ಪೊಪ್ಪಿಕೊಳ್ಳಬೇಕೆಂದು ಆ ಭಾನುವಾರವೇ ಬಸವನ ಬಾಗೇವಾಡಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಎರಡು ತಾಸು ಕಾದು ಮಸೂತಿ ಮುಟ್ಟಿದೆ. ಮನೆಯ ತುಂಬ ಟೀವಿ ನೋಡಲು ಬಂದ ಜನ. ಮಾಸ್ತರರನ್ನು ಬಾಗಿಲಿಗೆ ಕರೆದು ಹೇಳಿದೆ.

"ನನ್ನ ಹೆಸರ ಮರತ್ರೇನ್ರಿ?"

"ಬರೇ ಹೆಸರಲ್ರಿ, ಎಲ್ಲಾ ಮರತೆ. ಸುಮ್ಮ ವಿಂಗ್ ಕಡೆ ನೋಡಕೋತ ನಿಂತೆ."

"ಯಾ ಕಡಿ?"

"ಎಡಕ್ಕ."

"ಬರ್ರಿ ಒಳಗ, ಕುಂದರ್ರಿ" ಎಂದರು.

ಟೀವಿಯಲ್ಲಿ ನನ್ನ ಸರದಿ ಬಂತು. ಸಂಕಲನಕಾರರು ಏನನ್ನೂ ಕತ್ತರಿಸಿರಲಿಲ್ಲ, ಮೇಲೆ ಪಿಟೀಲು ಬೇರೆ ಹಾಕಿದ್ದರು. ಟೀವಿಯೊಳಗಿನ ನಾನು ಬಾಯಿ ತೆರೆದು, ಮುಚ್ಚಿ, ಎಡಕ್ಕೆ ತಿರುಗಿ ನಿಂತೆ. ಶಿವಲಿಂಗಪ್ಪ ಗಂಟಲು ಸರಿಮಾಡಿಕೊಂಡ. "ಮಾಸ್ತರ, ಮತ್ತ ನಿಮ್ಮ ಹೆಸರ?"

ಮಾಸ್ತರರು ಎದ್ದು ಹೋಗಿ ಟೀವಿಯ ಗಾಜಿನಲ್ಲಿ ನಾನು ನೋಡುತ್ತಿದ್ದ ಕಡೆಯ ಅಂಚಿನ ಮೇಲೆ ಆ ಮೊಂಡು ಬೆರಳು ಇಟ್ಟರು. "ಇಲ್ಲಿ ನೋಡ್ರಿ. ಸಾಹೇಬ್ರು ಯಾರನ್ನ ಹುಡುಕಾಕತ್ತಾರ? ಮೂವತ್ತ ವರ್ಸ ನಾ ನಿಂತ ಜಾಗಾ ಇದು."

"ಅಲ್ಲಿ ಯಾರೂ ಕಾಣವಲ್ರಲ್ರಿ?"

"ಕಂಡ್ರ ಅಂವ ಪ್ರಾಂಪ್ಟರ್ ಹ್ಯಾಂಗ ಆದಾನಲೇ?"

ಶಿವಲಿಂಗಪ್ಪ ಬಾಗಿ ಆ ಅಂಚನ್ನು ಮತ್ತೊಮ್ಮೆ ನೋಡಿದ. ಈ ಸಲ ನಗಲಿಲ್ಲ. ಟೀವಿಯಲ್ಲಿ ಚಪ್ಪಾಳೆ ಇನ್ನೂ ನಡೆದಿತ್ತು. ಮನೆಯಲ್ಲಿ ಯಾರೋ ಹಿಂದಿನಿಂದ ತಟ್ಟಿದರು, ಆಮೇಲೆ ಎಲ್ಲರೂ. ಮಾಸ್ತರರು ಕೈಮುಗಿಯಲಿಲ್ಲ. ರೂಢಿಯಿಲ್ಲದವರು, ಬಾಗಿಲ ಮರೆಗೆ ಸರಿದು ನಿಂತರು.

ಇವತ್ತಿಗೂ ಟೀವಿಯಲ್ಲಿ ಇಂಥ ಸಮಾರಂಭ ಬಂದರೆ ನಾನು ಫಲಕ ಹಿಡಿದವರನ್ನು ನೋಡುವುದಿಲ್ಲ, ಅವರು ಮಾತಿಗೆ ತಡವರಿಸಿ ಯಾವ ಕಡೆ ತಿರುಗುತ್ತಾರೆಂದು ನೋಡುತ್ತೇನೆ. ಆ ಭಾನುವಾರ ಇಂಡಿಗೆ ಬಸ್ಸು ತಪ್ಪಿತು. ಜೋಳದ ರೊಟ್ಟಿ ಉಂಡು ಮಾಸ್ತರರ ಪಡಸಾಲೆಯಲ್ಲೇ ಮಲಗಿದೆ. ಎದ್ದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು, ಮಾಸ್ತರರು ಪಕ್ಕದಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಅವರ ಹೆಂಡತಿ ಚಾ ಹಿಡಿದು ಬಂದು, ದನಿ ತಗ್ಗಿಸಿ, "ಎಬ್ಬಸಬ್ಯಾಡ್ರಿ. ಕೈ ಕೆಟ್ಟಾಗಿಂದ ಇವರೂ ನೆಟ್ಟಗ ಮಕ್ಕೊಂಡಿದ್ದಿಲ್ಲ" ಎಂದರು.