ಸಕ್ಕರೆ ನೀರಿನಲ್ಲಿ ಉರಿದ ದೀಪ

ಕಗ್ಗದಾಸಪುರದ ಈ ಮನೆಗೆ ಬಾಡಿಗೆಗೆ ಬಂದ ಮೇಲೆ ದಿನಾ ನನ್ನ ಜೊತೆ ಮಾತಾಡುತ್ತಿದ್ದವಳು ಒಬ್ಬಳೇ, ಮಾಲೀಕರ ಸೊಸೆ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತಳಾದ ಒಂಟಿ ಹೆಂಗಸು. ಅವಳು ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಫೇಲಾಗಿ, ಮದುವೆಯಾಗಿ, ಈಗ ಮತ್ತೆ ಪರೀಕ್ಷೆ ಕಟ್ಟಿದ್ದಳು. ಸಂಜೆಯಾದರೆ ಪುಸ್ತಕ ಹಿಡಿದು ಮೇಲಿನ ಮನೆಯಿಂದ ಇಳಿದು ಬರುತ್ತಿದ್ದಳು. ಪಾಠಕ್ಕಿಂತ ಹರಟೆಯೇ ಹೆಚ್ಚು. ಗದರುತ್ತಿದ್ದೆ, ಆದರೂ ಅವಳು ಬರುವ ಹೊತ್ತಿಗೆ ಬಾಗಿಲು ತೆರೆದೇ ಇಟ್ಟಿರುತ್ತಿದ್ದೆ.

ಕೊನೆಗೆ ಉಳಿದದ್ದು ರಾಸಾಯನಿಕ ಬಂಧದ ಪಾಠ. ಅದೊಂದು ಮುಗಿದರೆ ಅವಳಿಗೆ ಕೆಳಗೆ ಬರಲು ನೆಪವೇ ಇಲ್ಲ. ಹಾಗಾಗಿ ಎರಡು ದಿನದ ಪಾಠವನ್ನು ವಾರಕ್ಕೆ ಎಳೆದೆ. ಉಪ್ಪಿನಲ್ಲಿ ಸೋಡಿಯಂ ಒಂದು ಎಲೆಕ್ಟ್ರಾನನ್ನು ಕೊಟ್ಟುಬಿಡುತ್ತದೆ, ಕ್ಲೋರಿನ್ ಅದನ್ನು ಪಡೆದುಕೊಳ್ಳುತ್ತದೆ. ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು. ಒಂದನ್ನೊಂದು ಸೆಳೆದು ಹಿಡಿದುಕೊಳ್ಳುತ್ತವೆ. ಇದು ಅಯಾನಿಕ ಬಂಧ. ಸಕ್ಕರೆಯಲ್ಲಿ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿರುತ್ತವೆ. ಇದು ಸಹವೇಲೆನ್ಸೀಯ ಬಂಧ.

"ನೀರಿಗೆ ಹಾಕಿದ್ರೆ ಎರಡೂ ಕರಗ್ತವಲ್ಲ ಮೇಡಂ, ಮತ್ತೇನು ವ್ಯತ್ಯಾಸ?" ಎಂದಳು.

ಸರಿಯಾಗಿಯೇ ಕೇಳಿದ್ದಳು. ಎರಡು ಲೋಟ ನಲ್ಲಿ ನೀರು, ಒಂದು ಬ್ಯಾಟರಿ, ತಂತಿ, ಒಂದು ಪುಟಾಣಿ ಎಲ್‌ಇಡಿ ದೀಪ ತಂದಿಟ್ಟು, ಒಂದು ಲೋಟದಲ್ಲಿ ಉಪ್ಪು, ಇನ್ನೊಂದರಲ್ಲಿ ಸಕ್ಕರೆ ಕರಗಿಸಿದೆ. ಕರಗಿದ ಉಪ್ಪಿನ ಅಯಾನುಗಳು ಬಿಡಿಬಿಡಿಯಾಗಿ ಓಡಾಡುತ್ತ ಕರೆಂಟು ಹರಿಸುತ್ತವೆ. ಉಪ್ಪಿನ ಲೋಟಕ್ಕೆ ತಂತಿ ಅದ್ದಿದಾಗ ದೀಪ ಉರಿಯಿತು. ಸಕ್ಕರೆ ಕರಗಿದರೂ ಅದರ ಅಣು ಇಡಿಯಾಗಿಯೇ ಉಳಿಯುತ್ತದೆ, ಕರೆಂಟು ಹರಿಯುವುದಿಲ್ಲ ಎಂದು ಜಂಬದಿಂದ ಹೇಳಿ ಎರಡನೇ ಲೋಟಕ್ಕೆ ಅದ್ದಿದೆ. ಮಂಕಾಗಿ ದೀಪ ಉರಿದೇಬಿಟ್ಟಿತು!

"ಅಯ್ಯೋ, ಸಕ್ಕರೇಲೂ ಉರೀತಲ್ಲ ಮೇಡಂ!" ಅವಳಿಗೆ ನಗು ತಡೆಯಲಾಗಲಿಲ್ಲ.

"ಸಕ್ಕರೆ ಅಲ್ಲ ಕಣೇ, ನಿಮ್ಮಾವನ ಬೋರ್‌ವೆಲ್ಲು! ಬಕೆಟ್ಟಿಗೆಲ್ಲ ಬಿಳಿ ಕಟ್ಟೋ ನೀರು, ಅದ್ರಲ್ಲಿ ಮೊದ್ಲೇ ಲವಣ ತುಂಬಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ, ಹೊಳೀಲೇ ಇಲ್ಲ. ಲವಣ ಇಲ್ದಿರೋ ಡಿಸ್ಟಿಲ್ಡ್ ವಾಟರ್ ಬೇಕು. ತರಿಸ್ತೀನಿ, ನಾಳೆ ಬಾ."

ನಾಳೆ ಎನ್ನುವಾಗ ನನಗೆ ಖುಷಿಯೋ ಖುಷಿ.

"ನಾಳೆ ಯಾಕೆ ಮೇಡಂ? ಅಲ್ಲೇ ಇದ್ಯಲ್ಲ" ಎಂದು, ಇನ್ವರ್ಟರ್ ಬ್ಯಾಟರಿಗೆಂದು ಮೂಲೆಯಲ್ಲಿಟ್ಟಿದ್ದ ಡಿಸ್ಟಿಲ್ಡ್ ವಾಟರ್ ಕ್ಯಾನನ್ನು ಅವಳೇ ಎತ್ತಿಕೊಂಡು ಬಂದಳು. ಬೇರೆ ಲೋಟಕ್ಕೆ ಆ ನೀರು ಸುರಿದು ಸಕ್ಕರೆ ಕರಗಿಸಿದಳು. ತಂತಿಯನ್ನು ಒರೆಸಿ ಅದ್ದಿದಳು. ದೀಪ ಉರಿಯಲಿಲ್ಲ.

"ಈಗ ಅರ್ಥ ಆಯ್ತು!" ಎಂದು ಪುಸ್ತಕ ಮುಚ್ಚಿದಳು.

ಚಪ್ಪಲಿ ಮೆಟ್ಟಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. "ಮೇಡಂ, ನಾಳೇನೂ ಬರ್ಲಾ? ಸುಮ್ನೆ."

ಆ ಮಾತನ್ನೇ ಕೇಳಲು ನಾನು ಕಾದಿದ್ದವಳು. ಆದರೆ ಹಾಳಾದ್ದು, ಜೀವಮಾನವೆಲ್ಲ ಗದರಿಸಿ ರೂಢಿಯಾದ ಬಾಯಿ. "ಸುಮ್ನೆ ಬಂದು ಏನ್ಮಾಡ್ತೀಯಾ? ಪಾಠ ಮುಗೀತಲ್ಲ, ಮನೇಲಿ ಕೂತು ಓದ್ಕೋ ಹೋಗು" ಎಂದುಬಿಟ್ಟೆ.

"ಸರಿ ಮೇಡಂ" ಎಂದು ಮೆಟ್ಟಿಲು ಹತ್ತಿದಳು. ಕೂಗಿ ಕರೆಯಬಹುದಿತ್ತು, ಲೋಟ ತೊಳೆಯಲು ಹೋದೆ. ರಿಸಲ್ಟ್ ಬಂದಾಗ ಅವಳು ಪಾಸಾದಳೆಂದು ನನಗೆ ಹೇಳಿದ್ದು ಅವಳ ಮಾವ, ಗೇಟಿನ ಹತ್ತಿರ, ಬೈಕ್ ಒರೆಸುತ್ತ.